ನಿಮ್ಮ ವಾರ್ಡಿನ ನಕ್ಷೆ ನೀವೇ ಮಾಡಿ: ಒಂದು ಪ್ರಶ್ನೆ ಹಿಡಿದು ಜಿಐಎಸ್ ಕಲಿಯುವ ದಾರಿ

ನಮ್ಮ ಬಡಾವಣೆಯಲ್ಲಿ ಯಾವ ಮನೆಗಳಿಗೆ ಬಸ್ ಸ್ಟಾಪ್ ದೂರ? ಹೊಸ ಸ್ಟಾಪ್ ಬೇಕು ಎಂದು ಅರ್ಜಿ ಕೊಡುವುದಾದರೆ ಯಾವ ತಿರುವಿನಲ್ಲಿ ಕೇಳಬೇಕು? ಜೋರು ಮಳೆ ಬಂದಾಗಲೆಲ್ಲ ಇದೇ ಕ್ರಾಸಿನಲ್ಲಿ ಯಾಕೆ ನೀರು ನಿಲ್ಲುತ್ತದೆ? ನೋಡಿಟ್ಟಿರುವ ಸೈಟು ಹಳೇ ಕೆರೆಯಂಗಳದಲ್ಲಿ ಇಲ್ಲ ತಾನೇ? ಬೆಂಗಳೂರಿನಲ್ಲಿ ಬದುಕುವವರ ತಲೆಯಲ್ಲಿ ಇಂಥ ಪ್ರಶ್ನೆ ಒಂದಾದರೂ ಇದ್ದೇ ಇರುತ್ತದೆ. ಎಲ್ಲವೂ ಜಾಗಕ್ಕೆ ಅಂಟಿಕೊಂಡ ಪ್ರಶ್ನೆಗಳು. ಜಾಗದ ಮಾಹಿತಿಯನ್ನು ಕಲೆಹಾಕಿ, ಒಂದನ್ನು ಇನ್ನೊಂದರ ಜೊತೆ ತಾಳೆ ನೋಡಿ, ಅಳೆದು ಉತ್ತರ ತೆಗೆಯುವ ವ್ಯವಸ್ಥೆಯೇ ಭೌಗೋಳಿಕ ಮಾಹಿತಿ ವ್ಯವಸ್ಥೆ. ಬಳಕೆಯಲ್ಲಿ ಎಲ್ಲರೂ ಜಿಐಎಸ್ ಅನ್ನುತ್ತಾರೆ.

ಇದನ್ನು ಕಲಿಯಲು ಹೊರಟ ಬಹಳ ಜನ ಸಾಫ್ಟ್‌ವೇರ್ ಹಾಕಿಕೊಂಡು, ಇರುವ ಬಟನ್‌ಗಳನ್ನೆಲ್ಲ ಒತ್ತಿ ನೋಡಿ, ಸ್ವಲ್ಪ ದಿನದಲ್ಲೇ ಬಿಟ್ಟುಬಿಡುತ್ತಾರೆ. ನನ್ನ ಸಲಹೆ ಬೇರೆ. ಮೊದಲು ನಿಮ್ಮ ಏರಿಯಾದ ಒಂದು ಪ್ರಶ್ನೆ ಆರಿಸಿಕೊಳ್ಳಿ. ಅದಕ್ಕೆ ಬೇಕಾದಷ್ಟೇ ಕಲಿಯಿರಿ. ಬಂದ ಉತ್ತರವನ್ನು ನಡೆದು ಹೋಗಿ ಪರೀಕ್ಷೆ ಮಾಡಿ. ನೀವು ಓಡಾಡುವ ಜಾಗವಾದರೆ ನಕ್ಷೆಯಲ್ಲಿ ಏನು ತಪ್ಪಿದೆ ಎಂದು ನಿಮಗೇ ಗೊತ್ತಾಗುತ್ತದೆ. ಈ ಅನುಕೂಲ ಬೇರೆ ಯಾವ ಪಾಠದಲ್ಲೂ ಸಿಗದು. ಇಲ್ಲಿ ಬಸ್ ಸ್ಟಾಪಿನ ಪ್ರಶ್ನೆಯನ್ನು ಕೊನೆಯವರೆಗೂ ಬಿಡಿಸೋಣ. ಆಮೇಲೆ ನೀರಿಗೂ ಸೈಟಿಗೂ ಬರೋಣ.

ಪದರ, ಆಕಾರ, ಪಟ್ಟಿ

ಶಾಲೆಯಲ್ಲಿ ಟ್ರೇಸಿಂಗ್ ಪೇಪರ್ ಇಟ್ಟು ಕರ್ನಾಟಕದ ನಕ್ಷೆ ಬಿಡಿಸಿದ್ದು ನೆನಪಿದೆಯಾ? ಒಂದು ಹಾಳೆಯಲ್ಲಿ ನದಿ, ಇನ್ನೊಂದರಲ್ಲಿ ಜಿಲ್ಲೆಗಳ ಗಡಿ, ಮತ್ತೊಂದರಲ್ಲಿ ರೈಲು ಮಾರ್ಗ. ಒಂದರ ಮೇಲೊಂದು ಇಟ್ಟರೆ ಯಾವ ನದಿ ಯಾವ ಜಿಲ್ಲೆಯಲ್ಲಿ ಹರಿಯುತ್ತದೆ ಎಂದು ಕಾಣುತ್ತದೆ. ಜಿಐಎಸ್‌ನಲ್ಲಿ ಈ ಹಾಳೆಗೆ ಲೇಯರ್ ಅನ್ನುತ್ತಾರೆ. ನಾವು ಪದರ ಎನ್ನೋಣ.

ಪದರದಲ್ಲಿರುವ ಪ್ರತಿ ಆಕಾರದ ಹಿಂದೆ ಪಟ್ಟಿಯ ಒಂದು ಸಾಲು ಇರುತ್ತದೆ. ಬಸ್ ಸ್ಟಾಪ್ ಒಂದು ಚುಕ್ಕೆ. ಅದರ ಸಾಲಿನಲ್ಲಿ ಸ್ಟಾಪಿನ ಹೆಸರು, ತಂಗುದಾಣ ಇದೆಯೋ ಇಲ್ಲವೋ, ಬೆಂಚು ಇದೆಯೋ ಇಲ್ಲವೋ ಎಂಬ ಮಾಹಿತಿ. ರಸ್ತೆ, ರಾಜಕಾಲುವೆ ಇವೆಲ್ಲ ಗೆರೆಗಳು. ವಾರ್ಡ್, ಕೆರೆ, ಕಟ್ಟಡ ಇವು ಮುಚ್ಚಿದ ಆಕಾರಗಳು, ಅಂದರೆ ಪಾಲಿಗನ್. ಈ ಮೂರಕ್ಕೂ ಸೇರಿ ವೆಕ್ಟರ್ ಎಂದು ಹೆಸರು. ಉಪಗ್ರಹದ ಚಿತ್ರ ಬೇರೆ ಜಾತಿ. ಅದು ಚೌಕಗಳ ಜಾಲ, ಪ್ರತಿ ಚೌಕಕ್ಕೂ ಒಂದು ಸಂಖ್ಯೆ. ಅದಕ್ಕೆ ರಾಸ್ಟರ್ ಅನ್ನುತ್ತಾರೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಉಚಿತ ಚಿತ್ರದಲ್ಲಿ ಒಂದು ಚೌಕ ನೆಲದ ಮೇಲೆ 10 ಮೀಟರ್ ಅಗಲ. ಬೆಳ್ಳಂದೂರು ಕೆರೆಯನ್ನು ಕಳೆ ಎಷ್ಟು ಮುಚ್ಚಿದೆ ಎಂದು ಅದರಲ್ಲಿ ನೋಡಬಹುದು. ನಿಮ್ಮ ಮನೆಯ ಸಂಪ್ ಹುಡುಕಲು ಆಗುವುದಿಲ್ಲ.

ಈ ಯೋಚನೆ ಕಂಪ್ಯೂಟರಿಗಿಂತ ಹಳೆಯದು. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯರು ಯಾವ ಮನೆಯಲ್ಲಿ ಎಷ್ಟು ಜನ ಸತ್ತರು ಎಂದು ನಕ್ಷೆಯ ಮೇಲೆ ಗುರುತು ಮಾಡಿದರು. ಅದೇ ನಕ್ಷೆಯಲ್ಲಿ ನೀರಿನ ಪಂಪುಗಳೂ ಇದ್ದವು. ಗುರುತುಗಳು ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಕಿಕ್ಕಿರಿದಿದ್ದವು. ಕಾಯಿಲೆ ನೀರಿನಿಂದ ಬರುತ್ತದೆ ಎಂಬ ಅವರ ವಾದಕ್ಕೆ ಅದು ಬಲ ಕೊಟ್ಟಿತು. ಎರಡು ಪದರ, ಒಂದು ಪ್ರಶ್ನೆ, ಅಷ್ಟೇ. ಕಂಪ್ಯೂಟರಿನಲ್ಲಿ ಈ ಕೆಲಸ ಶುರುವಾದದ್ದು 1960ರ ದಶಕದಲ್ಲಿ, ಕೆನಡಾದಲ್ಲಿ. ದೇಶದ ಭೂಮಿಯ ಬಳಕೆಯನ್ನು ದಾಖಲಿಸಲು ರೋಜರ್ ಟಾಮ್ಲಿನ್ಸನ್ ಅದನ್ನು ರೂಪಿಸಿದರು.

ಬೇಕಾದ ಸಾಮಾನು

ಸಾಫ್ಟ್‌ವೇರ್ ಕ್ಯೂಜಿಐಎಸ್. ದುಡ್ಡು ಕೊಡಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರ ವೆಬ್‌ಸೈಟಿನಲ್ಲಿ ಎರಡು ಆವೃತ್ತಿ ಕಾಣುತ್ತವೆ. ಹೊಸಬರು ಲಾಂಗ್ ಟರ್ಮ್ ರಿಲೀಸ್ ಎಂದಿರುವುದನ್ನೇ ಇಳಿಸಿಕೊಳ್ಳಿ, ಅದು ಜಾಸ್ತಿ ಸ್ಥಿರ. ಫೈಲ್ ದೊಡ್ಡದು. ಮೊಬೈಲ್ ಡೇಟಾ ಬದಲು ಒಳ್ಳೆಯ ವೈಫೈ ಇರುವ ಕಡೆ ಕೂತು ಇಳಿಸಿ.

ರಸ್ತೆ, ಸ್ಟಾಪ್, ಕಟ್ಟಡಗಳ ಮಾಹಿತಿ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಬರುತ್ತದೆ. 2004ರಲ್ಲಿ ಶುರುವಾದ ಈ ನಕ್ಷೆಯನ್ನು ನಮ್ಮ ನಿಮ್ಮಂಥವರೇ ತುಂಬುತ್ತಾರೆ. ಬೆಂಗಳೂರಿನಲ್ಲಿ ಉತ್ಸಾಹದಿಂದ ಕೆಲಸ ಮಾಡುವವರು ಇರುವುದರಿಂದ ಬಹಳ ಕಡೆ ಚೆನ್ನಾಗಿದೆ. ಹೊರವಲಯದ ಹೊಸ ಲೇಔಟುಗಳಲ್ಲಿ ಅಷ್ಟು ಚೆನ್ನಾಗಿಲ್ಲ.

ವಾರ್ಡಿನ ಗಡಿ ಓಪನ್‌ಸಿಟಿ ತಾಣದಲ್ಲಿ ಕೆಎಂಎಲ್ ಫೈಲಾಗಿ ಸಿಗುತ್ತದೆ. ಇಲ್ಲಿ ಒಂದು ನಿಮಿಷ ನಿಲ್ಲಿ. ಯಾವ ವರ್ಷದ ಗಡಿ ಎಂದು ನೋಡದೆ ಇಳಿಸಬೇಡಿ. ಬಿಬಿಎಂಪಿಗೆ ಬಹಳ ಕಾಲ 198 ವಾರ್ಡುಗಳಿದ್ದವು. 2022ರಲ್ಲಿ 243 ಆದವು, 2023ರಲ್ಲಿ 225. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ನಗರಕ್ಕೆ ಐದು ಪಾಲಿಕೆಗಳಾದವು, ವಾರ್ಡುಗಳ ಗಡಿಯೂ ಮತ್ತೆ ಬದಲಾಯಿತು. ಒಂದೇ ಹೆಸರಿನ ವಾರ್ಡು ಬೇರೆ ಬೇರೆ ಪಟ್ಟಿಯಲ್ಲಿ ಬೇರೆ ಬೇರೆ ಜಾಗ ಆಗಿರಬಹುದು. ಹಳೇ ಜನಸಂಖ್ಯೆಯನ್ನು ಹೊಸ ಗಡಿಗೆ ಅಂಟಿಸಿ ಲೆಕ್ಕ ಹಾಕಿದರೆ ಇಡೀ ಕೆಲಸ ದಂಡ. ಫೈಲಿನ ಹೆಸರಿನಲ್ಲೇ ವರ್ಷ ಬರೆದಿಟ್ಟುಕೊಳ್ಳಿ.

ಅಳತೆಗೆ ಮುಂಚೆ ಈ ಒಂದು ವಿಷಯ

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಫೋನಿನ ಜಿಪಿಎಸ್ ನಿಮ್ಮ ಜಾಗವನ್ನು ಡಿಗ್ರಿಯಲ್ಲಿ ಹೇಳುತ್ತದೆ. ಬೆಂಗಳೂರಿನ ನಡುಭಾಗ ಹೆಚ್ಚುಕಮ್ಮಿ 12.97 ಡಿಗ್ರಿ ಉತ್ತರ, 77.59 ಡಿಗ್ರಿ ಪೂರ್ವ. ಡಿಗ್ರಿ ಜಾಗ ತೋರಿಸಲು ಸರಿ, ದೂರ ಅಳೆಯಲು ಸರಿಹೋಗದು. ನಮ್ಮ ಊರಿನಲ್ಲಿ ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ಅಂದರೆ ಸುಮಾರು 110 ಕಿಲೋಮೀಟರ್, ಪೂರ್ವ ಪಶ್ಚಿಮವಾಗಿ ಸುಮಾರು 108. ಈ ಪದ್ಧತಿಯ ಸಂಕೇತ ಇಪಿಎಸ್‌ಜಿ 4326. ಇದರಲ್ಲಿರುವ ಪದರಕ್ಕೆ 500 ಎಂದು ದೂರ ಕೊಟ್ಟರೆ ಸಾಫ್ಟ್‌ವೇರ್ 500 ಡಿಗ್ರಿ ಎಂದುಕೊಳ್ಳುತ್ತದೆ. ಭೂಮಿಗೆ ಇರುವುದೇ 360.

ವೆಬ್ ನಕ್ಷೆಗಳು ಬಳಸುವ 3857 ಎಂಬ ಇನ್ನೊಂದು ಪದ್ಧತಿ ಇದೆ. ಅದರಲ್ಲಿ ಮೀಟರ್ ಎಂದೇ ಬರೆದಿರುತ್ತದೆ, ಆದರೆ ಸಮಭಾಜಕದಿಂದ ದೂರ ಹೋದಷ್ಟೂ ಅಳತೆ ಹಿಗ್ಗುತ್ತದೆ. ಬೆಂಗಳೂರಿನಲ್ಲಿ ಅದರ 500 ಅಂದರೆ ನೆಲದ ಮೇಲೆ ಸುಮಾರು 487 ಮೀಟರ್. ವಿಸ್ತೀರ್ಣದಲ್ಲಿ ಶೇಕಡಾ 5ರಷ್ಟು ವ್ಯತ್ಯಾಸ ಬರುತ್ತದೆ.

ನಮಗೆ ಬೇಕಾದ್ದು ಇಪಿಎಸ್‌ಜಿ 32643, ಅಂದರೆ ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಭಾಗಿಸಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ ವಲಯ 43 ಉತ್ತರ. ಇದು 72ರಿಂದ 78 ಡಿಗ್ರಿ ಪೂರ್ವದವರೆಗಿನ ಪಟ್ಟಿ. ಬೆಂಗಳೂರು ಪೂರ್ತಿ ಇದರೊಳಗೆ ಬರುತ್ತದೆ. ಕೋಲಾರ ಪಟ್ಟಣ 78ರ ಆಚೆ ಇದೆ, ಅಲ್ಲಿಯವರು 32644 ಹಿಡಿಯಬೇಕು. ಇಲ್ಲಿ ಮೀಟರ್ ಅಂದರೆ ಮೀಟರೇ. ಅಳೆಯುವ ಪ್ರತಿ ಪದರವನ್ನೂ ಮೊದಲು ಇದಕ್ಕೆ ಬದಲಿಸಿ.

ಈಗ ಕೆಲಸ

ಕ್ಯೂಜಿಐಎಸ್ ತೆರೆಯಿರಿ. ಎಡಗಡೆ ಬ್ರೌಸರ್ ಎಂಬ ಪಟ್ಟಿಯಲ್ಲಿ ಎಕ್ಸ್‌ವೈಜೆಡ್ ಟೈಲ್ಸ್ ಇದೆ. ಅದರೊಳಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಹಿನ್ನೆಲೆ ನಕ್ಷೆ ಬರುತ್ತದೆ. ವಾರ್ಡಿನ ಕೆಎಂಎಲ್ ಫೈಲನ್ನು ಎಳೆದು ಅದರ ಮೇಲೆ ಬಿಡಿ. ನಿಮ್ಮ ವಾರ್ಡನ್ನು ಮಾತ್ರ ಆಯ್ಕೆ ಮಾಡಿ. ಪದರದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಎಕ್ಸ್‌ಪೋರ್ಟ್‌ಗೆ ಹೋಗಿ, ಆಯ್ದ ಆಕಾರವನ್ನಷ್ಟೇ ಹೊಸ ಫೈಲಾಗಿ ಉಳಿಸಿ. ಫಾರ್ಮ್ಯಾಟ್ ಜಿಯೋಪ್ಯಾಕೇಜ್, ಪದ್ಧತಿ 32643.

ಇನ್ನು ಸ್ಟಾಪುಗಳು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನು ನೇರವಾಗಿ ತರಿಸುವ ಕ್ವಿಕ್‌ಒಎಸ್‌ಎಂ ಅನ್ನು ಪ್ಲಗಿನ್ಸ್ ಮೆನುವಿನಲ್ಲಿ ಹುಡುಕಿ ಸೇರಿಸಿಕೊಳ್ಳಿ. ಅದನ್ನು ಬಳಸುವ ಮುಂಚೆ ವಾರ್ಡಿನ ಸುತ್ತ 1 ಕಿಲೋಮೀಟರ್ ಬಫರ್ ಮಾಡಿ, ಅಂದರೆ ವಾರ್ಡಿನ ಆಕಾರವನ್ನು ಎಲ್ಲ ಕಡೆಗೂ ಅಷ್ಟು ದೂರ ಹಿಗ್ಗಿಸಿ. ವೆಕ್ಟರ್ ಮೆನು, ಜಿಯೋಪ್ರೋಸೆಸಿಂಗ್ ಟೂಲ್ಸ್, ಬಫರ್. ಯಾಕೆ ಗೊತ್ತಾ? ಗಡಿಯ ರಸ್ತೆಯ ಆಚೆ ಬದಿಯ ಸ್ಟಾಪ್ ಪಕ್ಕದ ವಾರ್ಡಿಗೆ ಸೇರಿರುತ್ತದೆ. ಆದರೆ ನಿಮ್ಮ ವಾರ್ಡಿನ ಜನ ಬಸ್ ಹತ್ತುವುದು ಅಲ್ಲೇ. ವಾರ್ಡಿನ ಒಳಗಿನ ಸ್ಟಾಪುಗಳನ್ನು ಮಾತ್ರ ತೆಗೆದುಕೊಂಡರೆ ಅಂಚಿನ ಮನೆಗಳೆಲ್ಲ ಸುಮ್ಮನೆ ದೂರದವೆಂದು ಕಾಣುತ್ತವೆ. ಗಡಿ ಇರುವುದು ಆಫೀಸಿನ ಕಡತಕ್ಕೆ, ನಡೆಯುವವರ ಕಾಲಿಗಲ್ಲ.

ಬಫರಿನ ವ್ಯಾಪ್ತಿ ಕೊಟ್ಟು ಕ್ವಿಕ್‌ಒಎಸ್‌ಎಂನಲ್ಲಿ ಕೀ ಜಾಗದಲ್ಲಿ ಹೈವೇ, ವ್ಯಾಲ್ಯೂ ಜಾಗದಲ್ಲಿ ಬಸ್ ಸ್ಟಾಪ್ ಆರಿಸಿ. ಓಡಿಸಿದರೆ ಚುಕ್ಕೆಗಳು ಉದುರುತ್ತವೆ. ಇವು ತಾತ್ಕಾಲಿಕ ಪದರ, ಸಾಫ್ಟ್‌ವೇರ್ ಮುಚ್ಚಿದರೆ ಹೋಗಿಬಿಡುತ್ತವೆ. ಕೂಡಲೇ ಮೊದಲಿನಂತೆಯೇ ಜಿಯೋಪ್ಯಾಕೇಜ್ ಆಗಿ, 32643ರಲ್ಲಿ ಉಳಿಸಿ.

ಈಗ ಸ್ಟಾಪುಗಳ ಸುತ್ತ 500 ಮೀಟರ್ ಬಫರ್. ಡಿಸಾಲ್ವ್ ಎಂಬ ಗುರುತು ಹಾಕಿದರೆ ಒಂದರ ಮೇಲೊಂದು ಬೀಳುವ ವೃತ್ತಗಳೆಲ್ಲ ಒಂದೇ ಆಕಾರ ಆಗುತ್ತವೆ. ಅದೇ ಮೆನುವಿನಲ್ಲಿ ಡಿಫರೆನ್ಸ್ ಆರಿಸಿ. ಇನ್‌ಪುಟ್ ವಾರ್ಡು, ಓವರ್‌ಲೇ ಈ ಬಫರು. ವಾರ್ಡಿನಿಂದ ವೃತ್ತಗಳನ್ನು ಕಳೆದು ಉಳಿದ ತುಂಡುಗಳೇ ನಿಮ್ಮ ಮೊದಲ ಉತ್ತರ. ಅವಕ್ಕೆ ಕೆಂಪು ಬಣ್ಣ ಕೊಡಿ. ಫೀಲ್ಡ್ ಕ್ಯಾಲ್ಕ್ಯುಲೇಟರಿನಲ್ಲಿ ವಿಸ್ತೀರ್ಣವನ್ನು 10,000ದಿಂದ ಭಾಗಿಸಿದರೆ ಹೆಕ್ಟೇರ್ ಬರುತ್ತದೆ. ಒಂದು ಹೆಕ್ಟೇರ್ ಅಂದರೆ ಸುಮಾರು 2.47 ಎಕರೆ.

ಆದರೆ ಆ ಕೆಂಪು ಜಾಗದಲ್ಲಿ ಜನ ಇದ್ದಾರಾ? ಕೆರೆ, ಪಾರ್ಕು, ಸೇನೆಯ ಜಾಗ ಕೂಡ ಕೆಂಪಾಗಿಯೇ ಬಂದಿರುತ್ತದೆ. ಹಾಗಾಗಿ ಕ್ವಿಕ್‌ಒಎಸ್‌ಎಂನಲ್ಲಿ ಬಿಲ್ಡಿಂಗ್ ಎಂದು ಕೊಟ್ಟು ಕಟ್ಟಡಗಳನ್ನೂ ತರಿಸಿ ಮೇಲಿಟ್ಟು ನೋಡಿ. ಕಟ್ಟಡಗಳ ಪದರ ಎಲ್ಲ ಕಡೆ ಪೂರ್ತಿ ಇರುವುದಿಲ್ಲ. ಕಟ್ಟಡ ಕಾಣದ ಕಡೆ ಉಪಗ್ರಹದ ಚಿತ್ರ ನೋಡಿ ಖಾತ್ರಿ ಮಾಡಿಕೊಳ್ಳಿ.

ವೃತ್ತದಿಂದ ರಸ್ತೆಗೆ

ವೃತ್ತ ಅಳೆಯುವುದು ಹಕ್ಕಿ ಹಾರುವ ದೂರ. ಬೆಂಗಳೂರಿನಲ್ಲಿ ಹಾಗೆ ನಡೆಯಲು ಆಗಲ್ಲ ಅಲ್ವಾ? ರೈಲು ಹಳಿಯ ಆಚೆ ಎದುರಿಗೇ ಕಾಣುವ ಸ್ಟಾಪಿಗೆ ಕೆಳಸೇತುವೆ ಹುಡುಕಿಕೊಂಡು ಸುತ್ತಿ ಹೋಗಬೇಕು. ರಾಜಕಾಲುವೆಗೆ ಸೇತುವೆ ಎರಡು ಕ್ರಾಸ್ ಆಚೆ ಇರುತ್ತದೆ. ಕೆಲವು ಲೇಔಟುಗಳಿಗೆ ಗೇಟು ಇರುವುದು ಒಂದೇ ಕಡೆ. ನಕ್ಷೆ ಈ ಕಷ್ಟವನ್ನು ತೋರಿಸದಿದ್ದರೆ ವಯಸ್ಸಾದವರಿಗೆ, ಮಗು ಎತ್ತಿಕೊಂಡವರಿಗೆ ಅದರಿಂದ ಏನೂ ಉಪಯೋಗ ಇಲ್ಲ.

ಇದಕ್ಕೆ ಪ್ರೋಸೆಸಿಂಗ್ ಟೂಲ್‌ಬಾಕ್ಸ್‌ನಲ್ಲಿ ನೆಟ್‌ವರ್ಕ್ ಅನಾಲಿಸಿಸ್ ಇದೆ. ರಸ್ತೆಗಳನ್ನು ತರಿಸಿ 32643ಕ್ಕೆ ಬದಲಿಸಿ. ಸರ್ವಿಸ್ ಏರಿಯಾ ಉಪಕರಣಕ್ಕೆ ರಸ್ತೆಯ ಪದರ ಮತ್ತು ಸ್ಟಾಪಿನ ಪದರ ಕೊಟ್ಟು, ಕಡಿಮೆ ದೂರದ ದಾರಿ ಎಂದು ಆರಿಸಿ, 500 ಎಂದು ಹಾಕಿ. ಸ್ಟಾಪಿನಿಂದ 500 ಮೀಟರ್ ನಡೆದು ತಲುಪಬಹುದಾದ ರಸ್ತೆಗಳಷ್ಟೇ ಗೆರೆಗಳಾಗಿ ಬರುತ್ತವೆ. ಮೊದಲಿನ ವೃತ್ತಗಳ ಮೇಲೆ ಇದನ್ನು ಇಟ್ಟು ನೋಡಿ. ವೃತ್ತದ ಒಳಗಿದ್ದೂ ಗೆರೆ ತಲುಪದ ಬೀದಿಗಳು ಕಾಣುತ್ತವೆ. ಅರ್ಜಿ ಬರೆಯಬೇಕಾದ್ದು ಆ ಬೀದಿಗಳ ಬಗ್ಗೆ.

ಒಂದು ಎಚ್ಚರಿಕೆ. ನಕ್ಷೆಯಲ್ಲಿ ಎರಡು ರಸ್ತೆಗಳು ಕೂಡಿದಂತೆ ಕಂಡರೂ ಬಿಡಿಸಿದವರು ತುದಿ ಸೇರಿಸದೆ ಬಿಟ್ಟಿರಬಹುದು. ಆಗ ದಾರಿ ಅಲ್ಲಿಗೇ ನಿಂತುಹೋಗುತ್ತದೆ. ಫಲಿತಾಂಶ ವಿಚಿತ್ರ ಅನಿಸಿದ ಕಡೆ ಜೂಮ್ ಮಾಡಿ ನೋಡಿ.

ಇನ್ನು ಹೊರಗೆ ಹೊರಡಿ. ಲ್ಯಾಪ್‌ಟಾಪಿನ ಪ್ರಾಜೆಕ್ಟನ್ನು ಕ್ಯೂಫೀಲ್ಡ್ ಎಂಬ ಆ್ಯಪ್ ಮೂಲಕ ಫೋನಿಗೆ ಹಾಕಿಕೊಂಡರೆ ನಡೆಯುತ್ತಲೇ ಚುಕ್ಕೆ ಸೇರಿಸಬಹುದು. ಬಯಲಿನಲ್ಲಿ ಫೋನಿನ ಜಿಪಿಎಸ್ ಕೆಲವು ಮೀಟರ್ ಹೆಚ್ಚುಕಮ್ಮಿ ತೋರಿಸುತ್ತದೆ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಜಾಸ್ತಿ. ಕಂಬ ಇರುವುದು ಒಂದು ಕಡೆ, ಬಸ್ ನಿಲ್ಲುವುದು ಇನ್ನೊಂದು ಕಡೆ ಇರುವುದುಂಟು. ಪಕ್ಕದ ಟೀ ಅಂಗಡಿಯಲ್ಲಿ "ಅಣ್ಣಾ, 500-ಡಿ ಇಲ್ಲೇ ನಿಲ್ಲುತ್ತಾ, ಮುಂದೆ ನಿಲ್ಲುತ್ತಾ?" ಎಂದು ಕೇಳಿ. ಬೆಳಗ್ಗೆಯಿಂದ ಅಲ್ಲೇ ನಿಂತಿರುವ ಅವರಿಗೆ ಗೊತ್ತಿರುವಷ್ಟು ಯಾವ ಪದರಕ್ಕೂ ಗೊತ್ತಿಲ್ಲ. ಕಂಡ ತಪ್ಪನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದು ನೀವೇ ತಿದ್ದಿ. ಹಾಗೆ ತಿದ್ದುವಾಗ ಗೂಗಲ್ ಮ್ಯಾಪ್ ನೋಡಿ ನಕಲು ಮಾಡಬೇಡಿ, ಪರವಾನಗಿ ಒಪ್ಪುವುದಿಲ್ಲ. ಕಣ್ಣಾರೆ ಕಂಡಿದ್ದನ್ನು ಸೇರಿಸಿ. ಸ್ಟಾಪಿನ, ರಸ್ತೆಯ ಹೆಸರನ್ನು ಕನ್ನಡದಲ್ಲಿ ತುಂಬಲು ಬೇರೆಯೇ ಜಾಗ ಇದೆ. ದಯವಿಟ್ಟು ಅದನ್ನು ಖಾಲಿ ಬಿಡಬೇಡಿ. ಅದು ತುಂಬಿದ್ದರೆ ಕ್ಯೂಜಿಐಎಸ್‌ನಲ್ಲಿ ಲೇಬಲ್‌ಗಳನ್ನು ಕನ್ನಡದಲ್ಲೇ ತೋರಿಸಬಹುದು.

ಕೊನೆಗೆ ಪ್ರಿಂಟ್ ಲೇಔಟ್ ತೆರೆದು ಎ4 ಹಾಳೆಗೆ ಹೊಂದಿಸಿ. ಅಳತೆ ಪಟ್ಟಿ, ಉತ್ತರ ದಿಕ್ಕು, ಬಣ್ಣಗಳ ವಿವರ, ತಾರೀಕು ಹಾಕಿ. ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು ಎಂದು ಮೂಲ ಬರೆಯುವುದು ಕಡ್ಡಾಯ. ಅರ್ಜಿ ಒಂದು ಪುಟ, ನಕ್ಷೆ ಒಂದು ಪುಟ ಸಾಕು. ಸ್ವೀಕೃತಿ ತೆಗೆದುಕೊಳ್ಳಲು ಮರೆಯಬೇಡಿ.

ನೀರು ಎಲ್ಲಿಗೆ ಹೋಗುತ್ತದೆ

ಬೆಂಗಳೂರು ದಿಬ್ಬದ ಮೇಲಿನ ಊರು, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಗೆ ಇಳಿದು, ಅರ್ಕಾವತಿ ಸೇರಿ, ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಕೋರಮಂಗಲ-ಚಲ್ಲಘಟ್ಟ ಕಣಿವೆ ಅಥವಾ ಹೆಬ್ಬಾಳ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಈ ಕಣಿವೆಗಳಲ್ಲಿ ಒಂದರಿಂದ ಒಂದಕ್ಕೆ ಕೋಡಿ ಬೀಳುವಂತೆ ಕೆರೆಗಳನ್ನು ಕಟ್ಟಿದ್ದರು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಕೆರೆ ಹೋದರೂ ಇಳಿಜಾರು ಹೋಗಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ಜನರನ್ನು ಬೋಟು, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಗಿ ಬಂದಿದ್ದು ಎಲ್ಲರಿಗೂ ನೆನಪಿದೆ.

ನಿಮ್ಮ ಏರಿಯಾದ ಇಳಿಜಾರು ನೋಡಲು ಎತ್ತರದ ರಾಸ್ಟರ್ ಬೇಕು. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಬಳಸಿ ಅಳೆದ ಎಸ್‌ಆರ್‌ಟಿಎಂ ಮಾಹಿತಿ ಉಚಿತ. ಇಸ್ರೋದ ಭುವನ್ ತಾಣದಲ್ಲಿ ಕಾರ್ಟೋಸ್ಯಾಟ್ ಆಧಾರಿತ ಎತ್ತರದ ಮಾಹಿತಿಯೂ ಸಿಗುತ್ತದೆ. ರಾಸ್ಟರ್ ಮೆನುವಿನ ಕಾಂಟೂರ್ ಉಪಕರಣದಿಂದ 10 ಮೀಟರ್ ಅಂತರದ ಸಮೋನ್ನತಿ ಗೆರೆಗಳನ್ನು ತೆಗೆಯಿರಿ. ಕಣಿವೆಗಳು ಸ್ಪಷ್ಟವಾಗಿ ಕಾಣುತ್ತವೆ. ಇದರಿಂದ ಜಾಸ್ತಿ ನಿರೀಕ್ಷೆ ಬೇಡ. ಒಂದು ಚೌಕ 30 ಮೀಟರ್ ಅಗಲ, ಮನೆ ಮರಗಳ ಎತ್ತರವೂ ಅದರಲ್ಲಿ ಬೆರೆತಿರುತ್ತದೆ. ಯಾವ ಕ್ರಾಸಿನಲ್ಲಿ ಮೊಣಕಾಲುದ್ದ ನೀರು ಎಂದು ಇದು ಹೇಳಲಾರದು.

ಅದಕ್ಕೆ ಹಳೆಯ ಗ್ರಾಮ ನಕಾಶೆ ಹೆಚ್ಚು ಉಪಯೋಗ. ನಗರ ನುಂಗಿದ ಪ್ರತಿ ಹಳ್ಳಿಗೂ ಸರ್ವೆ ಇಲಾಖೆಯ ನಕಾಶೆ ಇದೆ. ಕೆರೆ, ಹಳ್ಳ, ಕಾಲುವೆ, ಗುಂಡುತೋಪು ಎಲ್ಲ ಅದರಲ್ಲಿ ಗುರುತಾಗಿರುತ್ತವೆ. ಕಂದಾಯ ಇಲಾಖೆಯ ತಾಣದಿಂದ ಇಳಿಸಿಕೊಂಡು ಕ್ಯೂಜಿಐಎಸ್‌ನ ಜಿಯೋರೆಫರೆನ್ಸರ್‌ನಲ್ಲಿ ತೆರೆಯಿರಿ. ನಕಾಶೆಯಲ್ಲೂ ಇಂದಿನ ಚಿತ್ರದಲ್ಲೂ ಇರುವ ಜಾಗಗಳನ್ನು ಜೋಡಿಸುತ್ತಾ ಹೋಗಿ. ಹಳೇ ದೇವಸ್ಥಾನ, ಕೆರೆ ಏರಿಯ ತುದಿ, ಹಳೇ ರಸ್ತೆಗಳು ಕೂಡುವ ಜಾಗ ಇವೆಲ್ಲ ಒಳ್ಳೆಯವು. ನಾಲ್ಕು ಮೂಲೆಗೂ ಹರಡಿರಲಿ, ಒಂದೇ ಕಡೆ ಗುಂಪಾದರೆ ಉಳಿದ ಭಾಗ ಸೊಟ್ಟಗಾಗುತ್ತದೆ. ಪ್ರತಿ ಜೋಡಿಗೂ ಎಷ್ಟು ತಪ್ಪು ಉಳಿದಿದೆ ಎಂದು ಕೆಳಗಿನ ಪಟ್ಟಿಯಲ್ಲಿ ಬರುತ್ತದೆ. ಜಾಸ್ತಿ ಇರುವುದನ್ನು ತೆಗೆದು ಬೇರೆ ಹುಡುಕಿ. ಈ ನಕಾಶೆಯನ್ನು ಅರೆಪಾರದರ್ಶಕ ಮಾಡಿ ಇಂದಿನ ಬೀದಿಗಳ ಮೇಲೆ ಇಟ್ಟಾಗ, ನೀರು ನಿಲ್ಲುವ ಕ್ರಾಸಿನ ಕೆಳಗೆ ಹಳೇ ಹಳ್ಳದ ಗೆರೆ ಹಾದುಹೋಗಿರುವುದು ಎಷ್ಟೋ ಕಡೆ ಕಾಣುತ್ತದೆ. ಪಕ್ಕದಲ್ಲಿರುವ ಹಿರಿಯರನ್ನು ವಿಚಾರಿಸಿ, ಅಲ್ಲಿ ಮೊದಲು ಏನಿತ್ತೆಂದು ಅವರಿಗೆ ನೆನಪಿರುತ್ತದೆ.

ಸೈಟು ಕೊಳ್ಳುವವರಿಗೆ

ಇವರಿಗೆ ಕ್ಯೂಜಿಐಎಸ್ ಇಲ್ಲದೆಯೂ ದಾರಿ ಇದೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ಜಿಐಎಸ್ ಅದರ ಹಿಂದಿದೆ. ಬ್ರೋಕರ್ ಹೇಳಿದ ನಂಬರಿಗೂ ಆ್ಯಪ್ ಹೇಳಿದ್ದಕ್ಕೂ ತಾಳೆ ನೋಡಿ. ಆ ನಂಬರ್ ಸರ್ಕಾರಿ ಜಮೀನೋ, ಕೆರೆಯೋ, ಪಕ್ಕದಲ್ಲಿ ರಾಜಕಾಲುವೆ ಇದೆಯೋ ಎಂದು ಗಮನಿಸಿ. ನಂಬರ್ ಹಿಡಿದು ಪಹಣಿ, ಗ್ರಾಮ ನಕಾಶೆ ಎರಡನ್ನೂ ತೆಗೆಸಿ.

ಸರ್ವೆ ನಂಬರಿನ ಅಂಚಿನಲ್ಲಿ ನಿಂತಿದ್ದರೆ ಒಂದೇ ಸಲ ನೋಡಿ ನಂಬಬೇಡಿ. ಫೋನಿನ ಜಿಪಿಎಸ್ ಕೆಲವು ಮೀಟರ್ ಸರಿದರೂ ಪಕ್ಕದ ನಂಬರ್ ಬರುತ್ತದೆ. ಸೈಟಿನ ನಡುವೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. 30x40 ಸೈಟಿನಲ್ಲಿ ಮೂರು ನಾಲ್ಕು ಮೀಟರ್ ಅಂದರೆ ಒಂದು ಕೋಣೆಯೇ ಹೋಯಿತು. ಗಡಿ ಎಲ್ಲಿ ಎಂಬ ತಕರಾರಿಗೆ ಆ್ಯಪಿನ ಚಿತ್ರ ದಾಖಲೆ ಆಗುವುದಿಲ್ಲ. ಜಮೀನಾದರೆ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಅಳತೆಗೆ, ಅರ್ಜಿ ಹಾಕಿ, ಸರ್ಕಾರಿ ಭೂಮಾಪಕರಿಂದಲೇ ಅಳತೆ ಮಾಡಿಸಿ, ಬಾಂದು ಕಲ್ಲು ಎಲ್ಲಿದೆ ಎಂದು ಅವರ ಎದುರಿಗೇ ನೋಡಿಕೊಳ್ಳಿ. ಅಡ್ವಾನ್ಸ್ ಕೊಡುವುದು ಅದಾದ ಮೇಲೆ.